ಬುಟ್ಟಿ ಮರೆಯುವ ಮಂಜೂರಾದ ಮಾರ್ಗ

ನಮ್ಮ ದ್ವೀಪನಾಡಿನ ಪೋರ್ಟ್ ವಿಲಾ ಪಟ್ಟಣದ ಮಿನಿಬಸ್ಸುಗಳಿಗೆ ಮಾರ್ಗವೇ ಇಲ್ಲವೆಂಬ ಸಂಗತಿ ಮಾರ್ಗ ನಿಶ್ಚಯ ಕಚೇರಿಯ ಗಮನಕ್ಕೆ ಬಂದದ್ದು ಕಳೆದ ಮಾರ್ಚ್ ತಿಂಗಳಲ್ಲಿ. ನಮಗೆ ಹುಟ್ಟಿದಾಗಿನಿಂದ ಗೊತ್ತಿತ್ತು. ಅವರು ಕೇಳಿರಲಿಲ್ಲ ಅಷ್ಟೆ. ಇಲ್ಲಿ ಕೈ ಅಡ್ಡ ಹಿಡಿದರೆ ಬಸ್ಸು ನಿಲ್ಲುತ್ತದೆ, ಎಲ್ಲಿಗೆಂದು ಹೇಳಿದರೆ ಮನೆಬಾಗಿಲಿಗೇ ಬಿಡುತ್ತದೆ. ಯಾರನ್ನು ಮೊದಲು ಇಳಿಸಬೇಕೆಂಬುದು ಚಾಲಕನ ಚಿತ್ತ.

ಪ್ರಕಟಣೆ ಹೊರಬಿತ್ತು: "ಪ್ರತಿ ಚಾಲಕನೂ ತಾನು ಕ್ರಮಿಸುವ ಮಾರ್ಗವನ್ನು ಏಳು ದಿನಗಳೊಳಗೆ ನಮೂನೆ ಒಂಬತ್ತರಲ್ಲಿ ಯಥಾವತ್ತಾಗಿ ಸಲ್ಲಿಸತಕ್ಕದ್ದು. ತಪ್ಪಿದಲ್ಲಿ 'ಬಿ' ಫಲಕವನ್ನು ಕಿತ್ತುಕೊಳ್ಳಲಾಗುವುದು."

ಬಾಡಿಗೆಗೆ ಜನರನ್ನು ಹತ್ತಿಸಲು ಪರವಾನಗಿಯಾದ ಆ 'ಬಿ' ಫಲಕ ಹೋದರೆ ಬಸ್ಸು ಬರೀ ತಗಡು. ನಮ್ಮ ಚಾಲಕ ಕಾಲ್ತಾಂಗನ ಮನೆಯಲ್ಲಿ ಆರು ಹೊಟ್ಟೆ ತುಂಬುವುದು ಆ ಫಲಕದಿಂದಲೇ. ಪಾಪ, ಸುಳ್ಳು ಬರೆಯಲು ಬಾರದವನು, ಹಿಂದಿನ ಮಂಗಳವಾರ ನಡೆದದ್ದನ್ನೇ ಬರೆದುಕೊಟ್ಟ:

"ಮಾರುಕಟ್ಟೆಯಿಂದ ಲೈಮರತ್ತೆಯ ಮನೆ. ಅಲ್ಲಿ ಅತ್ತೆಗೆ ಟಾರೋ ಗೆಡ್ಡೆಯ ಬುಟ್ಟಿ ಮಾರುಕಟ್ಟೆಯಲ್ಲೇ ಮರೆತದ್ದು ನೆನಪಾಗುವುದು. ಎಲ್ಲರೂ ವಾಪಸ್ ಮಾರುಕಟ್ಟೆಗೆ. ಬುಟ್ಟಿ ಸಮೇತ ಪುನಃ ಅತ್ತೆಯ ಮನೆ. ಆಮೇಲೆ ಆಸ್ಪತ್ರೆ."

ಎಂಟು ಮುದ್ರೆ ಬಿದ್ದು ಮಾರ್ಗ ಮಂಜೂರಾಯಿತು. ತಪಾಸಣಾಧಿಕಾರಿ ವಿರಾ ಸಾಹೇಬರು ದಿನವೂ ಮುಂದಿನ ಸೀಟಿನಲ್ಲಿ ಕೂರತೊಡಗಿದರು. ಮೊದಲ ದಿನ ಅತ್ತೆ ಬುಟ್ಟಿ ಸಮೇತ ಮನೆಮುಂದೆ ಇಳಿದರು.

"ಇದೇನಮ್ಮ, ಬುಟ್ಟಿ ತಂದುಬಿಟ್ಟಿದೀರಿ?"

"ತರದೆ? ನನ್ನ ಬುಟ್ಟಿ ಕಣಪ್ಪಾ!"

"ಮಂಜೂರಾದ ಮಾರ್ಗದ ಉಲ್ಲಂಘನೆ ಆಯ್ತು."

"ಅಯ್ಯೋ, ನಾನು ಮರೆತದ್ದು ಒಂದೇ ದಿನ!"

"ಕಡತದಲ್ಲಿ ಹಾಗಿಲ್ಲಮ್ಮ."

ಕಾಲ್ತಾಂಗನ ಮುಖ ಸಪ್ಪಗಾಯಿತು. ಅತ್ತೆ ಅದನ್ನು ನೋಡಿ, "ಅಳಬೇಡ ಹೋಗೋ. ನಿನ್ನ ಮಕ್ಕಳಿಗೋಸ್ಕರ ನಾಳೆಯಿಂದ ಮರೀತೀನಿ" ಎಂದರು. ನುಡಿದಂತೆ ನಡೆದರು ಕೂಡ. ಮಾರುಕಟ್ಟೆಯ ಹೆಂಗಸರು ಮರೆತ ಬುಟ್ಟಿ ಇಡಲೆಂದೇ ಒಂದು ಮಣೆ ಹಾಕಿಕೊಟ್ಟರು. ಆಸ್ಪತ್ರೆಯ ನರ್ಸಮ್ಮ ಒಂದು ತಾಸು ಮೊದಲೇ ಮನೆ ಬಿಡುವುದನ್ನು ರೂಢಿ ಮಾಡಿಕೊಂಡರು. ನನಗಂತೂ ಗಾಳಿಸವಾರಿ ಸಿಕ್ಕಿತು, ಯಾಕೆ ದೂರಲಿ?

ಜೂನ್‌ನಲ್ಲಿ ಅತ್ತೆಯ ಮಗಳಿಗೆ ತನ್ನಾ ಎಂಬ ದ್ವೀಪದಲ್ಲಿ ಹೆರಿಗೆಯಾಯಿತು. ಅತ್ತೆ ಬಾಣಂತನಕ್ಕೆ ಹಡಗು ಹತ್ತಲೇಬೇಕು. ಕಾಲ್ತಾಂಗ ಕಚೇರಿಗೆ ಓಡಿದ.

"ಇನ್ನು ಬುಟ್ಟಿ ಯಾರು ಮರೀಬೇಕು ಸಾಹೇಬ್ರೇ? ಮಾರ್ಗ ತಿದ್ದಿಕೊಡಿ."

"ಅದಕ್ಕೆ ನಮೂನೆ ಹತ್ತು ಬೇಕು. ಇನ್ನೂ ಅಚ್ಚಾಗಿಲ್ಲ."

"ನನ್ನ ಫಲಕ?"

ವಿರಾ ಸಾಹೇಬರು ಕೆಟ್ಟವರಲ್ಲ. ಅತ್ತೆಯ ಮನೆಬಾಗಿಲಲ್ಲಿ ಮೂರು ತಿಂಗಳು ಲಾಪ್‌ಲಾಪ್ ಕಡುಬು ತಿಂದವರು. ಬಹಳ ಹೊತ್ತು ಯೋಚಿಸಿ ಟಿಪ್ಪಣಿ ಬರೆದರು: "ಸದರಿ ಲೈಮರ ಅವರ ಗೈರುಹಾಜರಿಯಲ್ಲಿ ಬುಟ್ಟಿ ಮರೆಯುವ ಕರ್ತವ್ಯವನ್ನು ತಪಾಸಣಾಧಿಕಾರಿಯೇ ನಿರ್ವಹಿಸತಕ್ಕದ್ದು."

ಮೊದಮೊದಲು ಸಾಹೇಬರು "ಅಯ್ಯೋ ಬುಟ್ಟಿ" ಎಂಬುದನ್ನು ಸುತ್ತೋಲೆ ಓದಿದಂತೆ ಹೇಳುತ್ತಿದ್ದರು. ಆಗಸ್ಟ್ ಹೊತ್ತಿಗೆ ಹಣೆ ಚಚ್ಚಿಕೊಳ್ಳುವುದೂ ಬಂತು.

ಸೆಪ್ಟೆಂಬರ್‌ನಲ್ಲಿ ಅತ್ತೆ ಊರಿಗೆ ಮರಳಿದರು. ಅಭ್ಯಾಸ ತಪ್ಪಿ ಬುಟ್ಟಿಯನ್ನು ಮಡಿಲಲ್ಲೇ ಇಟ್ಟುಕೊಂಡು ಬಸ್ಸು ಹತ್ತಿದ್ದರು. ಮನೆ ಬಂದಾಗ ಅದು ಕಣ್ಣಿಗೆ ಬಿದ್ದು ಗಾಬರಿಯಾದರು.

"ಗಾಬರಿ ಬೇಡಮ್ಮ, ನೀವಿನ್ನು ನೆನಪಿಟ್ಟುಕೊಳ್ಳಬಹುದು. ಆ ಹುದ್ದೆ ಭರ್ತಿಯಾಗಿದೆ" ಎಂದ ಸಾಹೇಬರು, ಕೂಡಲೇ ಹಣೆ ಚಚ್ಚಿಕೊಂಡು, "ಅಯ್ಯೋ, ನನ್ನ ಬುಟ್ಟಿ!" ಎಂದರು.

ಅತ್ತೆ ಇಳಿಯಲು ಎದ್ದರು. ಕಾಲ್ತಾಂಗ ಮೆಲ್ಲಗೆ ತಡೆದ.

"ಅತ್ತೆ, 'ಎಲ್ಲರೂ ವಾಪಸ್' ಅಂತ ಬರೆದುಕೊಟ್ಟಿದೀನಿ."

"ಹೌದಲ್ವಾ," ಎಂದು ಅತ್ತೆ ತಮ್ಮ ಮನೆಯ ಬಾಗಿಲು ನೋಡುತ್ತಲೇ ಕೂತರು. ಬಸ್ಸು ಮಾರುಕಟ್ಟೆಯ ಕಡೆಗೆ ತಿರುಗಿತು.