ಮಾವನ ಆಕಾಶ ಸರ್ವಿಸ್

ನನ್ನ ಸೋದರಮಾವ ಬಾಹ್ಯಾಕಾಶಕ್ಕೆ ಹೋಗಿದ್ದರು. ನಗಬೇಡಿ! ಹೋದವರು ಇನ್ನೂ ಪೂರ್ತಿಯಾಗಿ ವಾಪಸು ಬಂದಿಲ್ಲ ಎನ್ನುವುದು ನಮ್ಮ ಅತ್ತೆಯ ದೂರು. ಉಡುಪಿಯಿಂದ ಕಾರ್ಕಳಕ್ಕೆ ಹೋಗುವ ಖಾಸಗಿ ಬಸ್ಸಿನಲ್ಲಿ ಜೀವಮಾನವೆಲ್ಲ ಕಂಡಕ್ಟರ್ ಆಗಿದ್ದು, ಮೊಣಕಾಲು ಕೈಕೊಟ್ಟ ಮೇಲೆ ಚರ್ಮದ ಚೀಲವನ್ನು ಗೋಡೆಯ ಮೊಳೆಗೆ ನೇತುಹಾಕಿದ ಮನುಷ್ಯ ಅಷ್ಟು ದೂರ ಹೋದದ್ದು ಹೇಗೆ? ಅವರಿಗೆ ಟಿಕೆಟ್ ಕೊಟ್ಟವರು ಯಾರು? ಅದನ್ನು ಹೇಳುವುದಕ್ಕೇ ಕುಳಿತಿದ್ದೇನೆ.

ಮಾವನ ಮನೆ ಮಣಿಪಾಲದ ಗುಡ್ಡದ ಪಡುವಣ ಅಂಚಿನಲ್ಲಿತ್ತು. ಜಗಲಿಯಲ್ಲಿ ಕುಳಿತರೆ ಸಂಜೆಯ ಹೊತ್ತಿಗೆ ದೂರದಲ್ಲಿ ಸಮುದ್ರ ಒಂದು ಬೆಳ್ಳಿಗೆರೆಯಾಗಿ ಕಾಣುತ್ತಿತ್ತು. ಮಹಡಿಯ ಕೋಣೆಯಲ್ಲಿ ಮಲೇಷ್ಯಾದಿಂದ ಡಾಕ್ಟರಿಕೆ ಓದಲು ಬಂದ ಲಿಮ್ ಮತ್ತು ಸೆಲ್ವನ್ ಎಂಬ ಇಬ್ಬರು ಹುಡುಗರು ಬಾಡಿಗೆಗಿದ್ದರು. ಎಂಬತ್ತರ ದಶಕ ಆಗತಾನೆ ಶುರುವಾಗಿತ್ತು. ಒಮ್ಮೆ ಲಿಮ್ ರಜೆಗೆ ಊರಿಗೆ ಹೋದವನು ಬರುವಾಗ ಒಂದು ರಟ್ಟಿನ ಪೆಟ್ಟಿಗೆ ತಂದ. ಮುಚ್ಚಳದ ಮೇಲೆ ನಕ್ಷತ್ರಗಳು, ನಡುವೆ ಒಂದು ನೌಕೆ. ಒಳಗೆ ಎರಡು ದಾಳ, ಒಂದು ದಪ್ಪ ಪುಸ್ತಕ. ಅಷ್ಟೇ! ಮಣೆಯಿಲ್ಲ, ಕಾಯಿಯಿಲ್ಲ, ಇಸ್ಪೀಟಿನ ಎಲೆಯೂ ಇಲ್ಲ. ಒಬ್ಬ ಪುಸ್ತಕ ನೋಡಿ ಕಥೆ ಹೇಳಬೇಕು. ಉಳಿದವರು ತಲಾ ಒಂದು ಪಾತ್ರ ವಹಿಸಿಕೊಂಡು, ತಾವು ಏನು ಮಾಡುತ್ತೇವೆ, ಏನು ಮಾತಾಡುತ್ತೇವೆ ಎಂದು ಕುಳಿತಲ್ಲೇ ಹೇಳುತ್ತ ಹೋಗಬೇಕು. ಆಗುತ್ತದೋ ಇಲ್ಲವೋ ಎಂದು ಸಂಶಯ ಬಂದಲ್ಲಿ ದಾಳ ಉರುಳಿಸಬೇಕು.

"ಇದು ತಾಳಮದ್ದಳೆ ಅಲ್ವಾ ಮಾರಾಯ!" ಎಂದರು ಮಾವ.

ಹೌದಲ್ಲ! ಯಕ್ಷಗಾನದ ವೇಷವಿಲ್ಲ, ಕುಣಿತವಿಲ್ಲ, ಕುಳಿತಲ್ಲೇ ಅರ್ಥ ಹೇಳುವುದು. ಕರಾವಳಿಯಲ್ಲಿ ಹುಟ್ಟಿದವರಿಗೆ ಇದನ್ನು ಕಡಲಾಚೆಯಿಂದ ತಂದು ಕಲಿಸಬೇಕೇ? ಆ ಕ್ಷಣದಿಂದ, ಇನ್ನೂ ಸರಿಯಾಗಿ ಮೀಸೆ ಬಾರದ ಲಿಮ್ ನಮ್ಮ ಮನೆಯಲ್ಲಿ ಕಥೆ ನಡೆಸುವ "ಭಾಗವತರು" ಆದ. ಆಟಕ್ಕೆ ಜನ ಸಾಲದಿದ್ದುದರಿಂದ ಮಾವನಿಗೆ ಜಾಗ ಸಿಕ್ಕಿತು. ಮಾವನಿಗೆ ಲಿಮ್‌ನ ಇಂಗ್ಲಿಷು ಅರ್ಥವಾಗದಿದ್ದುದರಿಂದ, ದೀಪಸ್ತಂಭದ ಊರಾದ ಕಾಪುವಿನ ಬ್ಯಾಂಕೊಂದರಲ್ಲಿ ಗುಮಾಸ್ತೆಯಾಗಿದ್ದು ಭಾನುವಾರ ಅತ್ತೆಯ ಕೈಯಡುಗೆ ಉಣ್ಣಲು ಬರುತ್ತಿದ್ದ ನನಗೂ ಸಿಕ್ಕಿತು. ನೌಕೆಗೊಬ್ಬ ಡಾಕ್ಟರ್ ಬೇಕಿತ್ತು. ಎದುರಿಗೆ ಇಬ್ಬರು ಮೆಡಿಕಲ್ ವಿದ್ಯಾರ್ಥಿಗಳು! "ಭಾನುವಾರವೂ ರೋಗಿಗಳಾ?" ಎಂದು ಇಬ್ಬರೂ ಕೈ ಮುಗಿದರು. ಹಾಗಾಗಿ ಡಾಕ್ಟರ್ ನಾನೇ ಆದೆ.

ಸೆಲ್ವನ್ ನೌಕೆ ನಡೆಸುವವನಾದ. ಮಾವನಿಗೆ ಲಿಮ್ ಕ್ಯಾಪ್ಟನ್ ಪದವಿಯನ್ನೇ ಕೊಡಹೋದ. ಮಾವ ಮುಖ ಸಿಂಡರಿಸಿದರು.

"ಕ್ಯಾಪ್ಟನ್ ಅಂದ್ರೆ ಎಂತ? ಸ್ಟೇರಿಂಗ್ ಹಿಡಿಯುವವನು ಸೆಲ್ವನ್. ಗಾಡಿ ನಡೆಸುವುದು ಯಾರು? ಕಂಡಕ್ಟರ್!"

"ಅಂಕಲ್, ಪುಸ್ತಕದಲ್ಲಿ ಕಂಡಕ್ಟರ್ ಇಲ್ಲ."

"ಇಲ್ಲದಿದ್ರೆ ಬರ್ದುಕೊಳ್ಳಿ ಭಾಗವತರೇ. ಪೆನ್ನು ಬೇಕಾ?"

ಹೀಗೆ ಬ್ರಹ್ಮಾಂಡದಲ್ಲಿ ಮೊದಲ ಸಲ ಒಂದು ಅಂತರಿಕ್ಷ ನೌಕೆಗೆ ಕಂಡಕ್ಟರ್ ಬಂದರು. ಮೊಳೆಯಿಂದ ಚೀಲ ಕೆಳಗಿಳಿಯಿತು. ಅದರೊಳಗಿದ್ದ ಹಿತ್ತಾಳೆಯ ವಿಸಿಲ್ ಅಂಗಿಯ ಕಿಸೆಗೆ ಬಂತು. ಗ್ರಹಗಳ ಹೆಸರುಗಳು ಬಾಯಲ್ಲಿ ಹೊರಳದಂಥವು. ಮಾವ ತಮ್ಮ ಬಸ್ಸಿನ ದಾರಿಯ ಊರುಗಳ ಹೆಸರಿಟ್ಟು ಅವುಗಳನ್ನೂ ಸರಿಮಾಡಿದರು. ಮೊದಲನೆಯದು ಪರ್ಕಳ, ಆಮೇಲಿನದು ಹಿರಿಯಡ್ಕ, ಅದರಾಚೆ ಬೈಲೂರು, ಎಲ್ಲಕ್ಕಿಂತ ಕೊನೆಗೆ ನಾವು ಮುಟ್ಟಬೇಕಾದ ಹಸಿರು ಗ್ರಹ ಕಾರ್ಕಳ. "ಹಿರಿಯಡ್ಕದಲ್ಲಿ ವಿಷಗಾಳಿ ಬೀಸುತ್ತಿದೆ, ಮೂರು ಕಣ್ಣಿನ ಪ್ರಾಣಿಗಳು ಸುತ್ತುವರಿದಿವೆ" ಎಂದು ನಾನು ಅನುವಾದಿಸುವಾಗ, ಹಿರಿಯಡ್ಕದವರೇ ಆದ ಅತ್ತೆ ಒಳಗಿನಿಂದ, "ನಮ್ಮ ಊರಿಗೆ ಎಂತ ಆಗಿದೆಯಂತೆ?" ಎಂದು ಕೂಗುತ್ತಿದ್ದರು.

ಮೊದಲ ಗ್ರಹದಲ್ಲೇ ತೊಡಕು ಶುರುವಾಯಿತು. ಕೆಂಪು ಮರಳಿನ ಬಿರುಗಾಳಿ ಬರುತ್ತಿದೆ, ಕೂಡಲೇ ಹಾರಬೇಕು ಎಂದ ಲಿಮ್.

"ಕೆಳಗೆ ಜನ ಉಂಟಾ?" ಮಾವ ಕೇಳಿದರು.

"ಆ ಗ್ರಹದವರು ಕೆಲವರು ನಿಂತು ನೋಡ್ತಿದ್ದಾರೆ. ಅವರಿಗೂ ಕಥೆಗೂ ಸಂಬಂಧ ಇಲ್ಲ, ಅಂಕಲ್."

"ಸ್ಟಾಪಿನಲ್ಲಿ ನಿಂತವರಿಗೆ ಸಂಬಂಧ ಇಲ್ಲ ಅಂದ್ರೆ ಹೇಗೆ? ಎಲ್ಲಿಗೆ ಹೋಗ್ಬೇಕು ಅಂತ ಕೇಳಿ."

ಲಿಮ್ ಪುಸ್ತಕ ತಿರುವಿದ. ಅವರು ಎಲ್ಲಿಗೆ ಹೋಗಬೇಕೆಂದು ಪುಸ್ತಕ ಬರೆದವನಿಗೂ ಗೊತ್ತಿರಲಿಲ್ಲ. ಪಾಪ, ಅವನು ಎಕ್ಸ್‌ಪ್ರೆಸ್ ಎಂದುಕೊಂಡು ಬಿಟ್ಟ ಗಾಡಿಯನ್ನು ಮಾವ ಸರ್ವಿಸ್ ಬಸ್ಸು ಮಾಡಿದ್ದರು! ಕೈ ಅಡ್ಡ ಹಿಡಿದಲ್ಲೆಲ್ಲ ನಿಲ್ಲುವುದು, ಹತ್ತಿಸಿಕೊಳ್ಳುವುದು. ನಾಲ್ಕು ಜನರಿಗೆಂದು ಕಟ್ಟಿದ ನೌಕೆಯಲ್ಲಿ ಪರ್ಕಳದ ಮರಳುಮನುಷ್ಯರು, ಹಿರಿಯಡ್ಕದ ಮುಕ್ಕಣ್ಣರು, ಒಂದು ಮದುವೆ ದಿಬ್ಬಣ, ಎರಡು ಬುಟ್ಟಿ ಕೋಳಿ. ಜಾಗ ಎಲ್ಲಿದೆ ಎಂದು ಸೆಲ್ವನ್ ಕೇಳಿದರೆ ಮಾವನದು ಒಂದೇ ಉತ್ತರ.

"ಮುಂದೆ ಮುಂದೆ ಹೋಗಿ, ಜಾಗ ಉಂಟು!"

"ಅಂಕಲ್, ಕೆಲವರು ಫುಟ್‌ಬೋರ್ಡಿನಲ್ಲಿ ನೇತಾಡ್ತಿದ್ದಾರೆ. ಹೊರಗೆ ಗಾಳಿ ಇಲ್ಲ, ಸತ್ತು ಹೋಗ್ತಾರೆ!" ಎಂದ ಲಿಮ್.

"ಅದಕ್ಕೇ ಅಲ್ವಾ ನಾನು ಬಾಯಿ ಬಡ್ಕೊಳ್ಳುವುದು, ಒಳಗೆ ಹೋಗಿ, ಒಳಗೆ ಹೋಗಿ ಅಂತ!"

ಮುಂದೊಂದು ಭಾನುವಾರ ಕಡಲ್ಗಳ್ಳರಂಥವರ ನೌಕೆಯೊಂದು ನಮ್ಮನ್ನು ಅಟ್ಟಿಸಿಕೊಂಡು ಬಂತು. ಗುಂಡು ಹಾರಿಸಲು ದಾಳ ಹಾಕಿ ಎಂದು ಲಿಮ್ ಅವಸರಪಡಿಸಿದ. ದಾಳ ಹಾಕಿ ರಾಜ್ಯ ಕಳೆದುಕೊಂಡವರ ಕಥೆ ಕೇಳಿಯೇ ಬೆಳೆದವರು ಮಾವ, ಮುಟ್ಟುತ್ತಾರೆಯೇ? ಅದೂ ಅಲ್ಲದೆ, ಹಿಂದಿನಿಂದ ಬಂದು ಮುಂದೆ ನುಗ್ಗುವ ಗಾಡಿ ಅವರಿಗೆ ಹೊಸದಾಗಿರಲಿಲ್ಲ. ಇದು ಬಸ್ಸಿನವರ ಟೈಮಿಂಗ್ ಗಲಾಟೆ! ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ, ಹೆಗಲ ಮೇಲಿನ ಟವೆಲು, ನಮ್ಮ ಕಡೆಯ ಬೈರಾಸು, ಸರಿಪಡಿಸಿಕೊಂಡು, ಕಳ್ಳರ ನಾಯಕನಾದ ಲಿಮ್‌ನನ್ನು ಎದುರಿಗೆ ಕೂರಿಸಿಕೊಂಡರು. "ನಿಮ್ಮ ಟೈಮ್ ಎಷ್ಟು? ನಮ್ಮದು ಹತ್ತೂ ಐದು. ನೀವು ನಮ್ಮ ಹಿಂದೆ ಬರುವವರು ಹೌದಾ ಅಲ್ವಾ? ನಿಮ್ಮ ಧಣಿಗಳಿಗೆ ಇದು ಗೊತ್ತುಂಟಾ?" ಎಂದು ಆರಂಭವಾದ ಅರ್ಥಗಾರಿಕೆ ಚಹಾ ಬರುವ ತನಕ ನಡೆಯಿತು. ಕಳ್ಳರ ನಾಯಕ ಕೊನೆಗೆ ಕ್ಷಮೆ ಕೇಳಿ ದಾರಿ ಬಿಟ್ಟ. ಅವನ ನೌಕೆಯಿಂದ ನಾಲ್ಕು ಜನ ಇಳಿದು ನಮ್ಮದಕ್ಕೆ ಹತ್ತಿದರಂತೆ, ಅದು ಬೇರೆ ಮಾತು.

ಆದರೆ ಆ ಪೆಟ್ಟಿಗೆಯಲ್ಲಿದ್ದದ್ದು ಅರ್ಧ ಕಥೆ. ನೌಕೆ ನಕ್ಷತ್ರಗಳೇ ಇಲ್ಲದ ಒಂದು ಕತ್ತಲ ಪ್ರದೇಶಕ್ಕೆ ಬಂದು ಸಿಕ್ಕಿಬಿದ್ದಲ್ಲಿಗೆ ಪುಸ್ತಕ ಮುಗಿದಿತ್ತು. ಉಳಿದದ್ದು ಎರಡನೆಯ ಪೆಟ್ಟಿಗೆಯಲ್ಲಿ, ಅದು ಇನ್ನೂ ಅಚ್ಚಾಗಿಲ್ಲ! ಮಾವನಿಗೆ ಊಟ ಸೇರದಾಯಿತು. "ಅಷ್ಟು ಜನರನ್ನು ನಡುದಾರಿಯಲ್ಲಿ ನಿಲ್ಲಿಸಿ ಬಂದಿದ್ದೇನೆ ಮಾರಾಯ್ತಿ, ಅವರು ಎಂತ ತಿನ್ನುತ್ತಾರೆ?" ಎಂದು ಅತ್ತೆಯ ಬಳಿ ಹೇಳಿಕೊಳ್ಳುವರು. ಮೀನು ತರುತ್ತಿದ್ದ, ಕಡಲತಡಿಯ ಹೂಡೆ ಊರಿನ ಹೆಂಗಸಿಗೂ ಕಥೆ ತಿಳಿದಿತ್ತು. ಬುಟ್ಟಿ ಇಳಿಸುವ ಮೊದಲೇ, "ಬಸ್ಸು ಹೊರಟಿತಾ?" ಎಂದು ವಿಚಾರಿಸುತ್ತಿದ್ದಳು. ಕಾಯುತ್ತ ಕಾಯುತ್ತ ಒಂದು ಮಳೆಗಾಲ ಕಳೆಯಿತು, ಮತ್ತೊಂದೂ ಕಳೆಯಿತು. ಮಾವ ಸಂಜೆ ಜಗಲಿಯಲ್ಲಿ ಕುಳಿತು ಸಮುದ್ರದ ಮೇಲೆ ಮೂಡುವ ಮೊದಲ ಚುಕ್ಕಿಯನ್ನು ನೋಡುತ್ತಿದ್ದರೆ, ಆ ಮನುಷ್ಯ ಈ ಲೋಕದಲ್ಲಿದ್ದಾರೆಂದು ಯಾರೂ ಹೇಳುವಂತಿರಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಅಷ್ಟೇ. ಬ್ಯಾಂಕಿನಲ್ಲಿ ಟೋಕನ್ ಕೊಡುತ್ತ ಕುಳಿತವಳಿಗೆ ಒಮ್ಮೊಮ್ಮೆ ಕಿಟಕಿಯಾಚೆ ಆ ಕತ್ತಲೂ, ಅದರಲ್ಲಿ ತೇಲುವ ನಮ್ಮ ಪುಟ್ಟ ನೌಕೆಯ ಬೆಳಕೂ ಕಾಣುತ್ತಿದ್ದವು.

ಕೊನೆಗೂ ಎರಡನೆಯ ಪೆಟ್ಟಿಗೆ ಬಂತು. ಆದರೆ ಅಷ್ಟು ಹೊತ್ತಿಗೆ ಹುಡುಗರಿಗೆ ಕೊನೆಯ ವರ್ಷ. ಪರೀಕ್ಷೆ ಮುಗಿದರೆ ಊರಿಗೆ ಹೊರಡುವವರು, ಮತ್ತೆ ಬರುವವರಲ್ಲ. ಇದು ಮಾವನಿಗೂ ಗೊತ್ತಿತ್ತು. ವರ್ಷಗಟ್ಟಲೆ ಕಾದ ಕಥೆ ಮುಗಿಯಬೇಕು, ಆದರೆ ಮುಗಿಯಬಾರದು! ನೌಕೆಯ ವೇಗ ಇದ್ದಕ್ಕಿದ್ದಂತೆ ಎತ್ತಿನಗಾಡಿಯದಾಯಿತು. ಹತ್ತಿಸಿಕೊಂಡವರನ್ನೆಲ್ಲ ಆ ಕತ್ತಲೊಳಗಿನ ಅವರವರ ಸ್ಟಾಪಿನಲ್ಲೇ ಇಳಿಸಬೇಕಂತೆ. ಇಳಿದವರ ಮನೆಗೆ ಹೋಗಿ ಮಾತಾಡಿಸಬೇಕಂತೆ. ಅವರು ಚಹಾ ಕೊಟ್ಟರೆ ಬೇಡ ಎನ್ನಬಾರದಂತೆ.

"ಅಂಕಲ್, ಹೀಗೆ ಹೋದ್ರೆ ನಾವು ಫೇಲಾಗಿ ಇನ್ನೊಂದು ವರ್ಷ ಇಲ್ಲೇ ಉಳೀಬೇಕು" ಎಂದ ಸೆಲ್ವನ್.

"ಹೌದಾ? ಆಗಬಹುದಲ್ಲ!" ಎಂದ ಮಾವನ ಮುಖ ಅರಳಿದ್ದು ನೋಡಿ ಅತ್ತೆ ಹೊರಗೆ ಬಂದರು.

"ಓದುವ ಮಕ್ಕಳಿಗೆ ಹೇಳುವ ಮಾತಾ ಇದು? ಬೇಗ ಮುಗಿಸಿ ಕಳಿಸಿ ಅವರನ್ನು. ಅವರಿಗೂ ತಾಯಿ ಇದ್ದಾಳೆ."

ಆ ದಿನ ಮಾವ ಎರಡು ಸ್ಟಾಪು ಬೇಗಬೇಗ ದಾಟಿದರು.

ಕೊನೆಯ ಭಾನುವಾರದ ಮಧ್ಯಾಹ್ನ ನನಗಿನ್ನೂ ಕನಸಿನ ಹಾಗೆ ನೆನಪಿದೆ. ಕೆಂಪು ಸಿಮೆಂಟಿನ ನೆಲದ ಮೇಲೆ ಇಳಿಬಿಸಿಲು ಉದ್ದಕ್ಕೆ ಮಲಗಿತ್ತು. ನೌಕೆಯಲ್ಲಿ ಉಳಿದವರು ನಾವೇ. ಕತ್ತಲ ಪ್ರದೇಶದ ಅಂಚಿನಲ್ಲಿ ಒಂದು ಹಳೆಯ ದೀಪದ ಗೋಪುರವಿದೆ ಎಂದು ಲಿಮ್ ಓದಿದ. ಅಲ್ಲೊಬ್ಬರು ನಿಂತು ದೀಪ ಹಿಡಿದರೆ ಮಾತ್ರ ನೌಕೆಗೆ ಹೊರದಾರಿ ಕಾಣುತ್ತದೆ. ಆಚೆ ಕಾರ್ಕಳ, ಹಸಿರು, ನೀರು, ಎಲ್ಲರ ಮನೆ. ಆದರೆ ದೀಪ ಹಿಡಿದವರು ನೌಕೆ ಹತ್ತುವಂತಿಲ್ಲ.

"ಇದು ಕಾಪು" ಎಂದರು ಮಾವ ಮೆಲ್ಲಗೆ.

"ಕಾರ್ಕಳದ ದಾರಿಯಲ್ಲಿ ಕಾಪು ಎಲ್ಲಿಂದ ಬಂತು ಮಾವ?"

"ದೀಪ ಉಂಟಲ್ಲ ಮಗಳೇ. ದೀಪ ಇದ್ದ ಮೇಲೆ ಕಾಪುವೇ."

ತಾನು ಉಳಿಯುತ್ತೇನೆ ಎಂದ ಸೆಲ್ವನ್. ನನಗಾದರೋ ಸೋಮವಾರ ಬ್ಯಾಂಕಿತ್ತು! ಯಾರೆಂದು ದಾಳವೇ ಹೇಳಲಿ ಎಂದು ಲಿಮ್ ಕೈ ಚಾಚಿದ. ಮಾವ ದಾಳದ ಮೇಲೆ ಅಂಗೈ ಇಟ್ಟರು.

"ದಾಳ ಬೇಡ ಭಾಗವತರೇ. ಬಸ್ಸು ಬಿಡುವಾಗ ಕೊನೆಗೆ ಕೆಳಗೆ ನಿಂತಿರುವವ ಯಾರು? ಕಂಡಕ್ಟರ್ ಅಲ್ವಾ?"

"ಆದ್ರೆ ಕಂಡಕ್ಟರ್ ಆಮೇಲೆ ಓಡಿ ಬಂದು ಹತ್ತುತ್ತಾರಲ್ಲ ಅಂಕಲ್" ಎಂದ ಸೆಲ್ವನ್.

"ಈ ಸಲ ಹತ್ತುವುದಿಲ್ಲ ಮಗಾ. ಮೊಣಕಾಲು ನೋವು ಉಂಟು."

ದಾರಿಯಲ್ಲಿ ಕೋಳಿಬುಟ್ಟಿಯನ್ನೂ ಬಿಟ್ಟು ಹೋಗದ ಮನುಷ್ಯ ತನ್ನನ್ನೇ ಬಿಟ್ಟು ಹೋಗಲು ಹೇಳುತ್ತಿದ್ದರು. ಕಿಸೆಯಿಂದ ವಿಸಿಲ್ ತೆಗೆದು ಉದ್ದಕ್ಕೆ ಊದಿದರು. "ರೈಟ್, ಪೋಯಿ!" ಎಂದು ತುಳುವಿನಲ್ಲಿ ಬಸ್ಸು ಹೊರಡಿಸುವ ಕೂಗು ಹಾಕಿದರು. ಕೂಗು ಗುಡ್ಡ ಇಳಿದು ಹೋಯಿತು. ಲಿಮ್ ಕೊನೆಯ ಪುಟ ತಿರುವಿ ಪುಸ್ತಕವನ್ನು ನನ್ನ ಕಡೆಗೆ ತಳ್ಳಿದ. ನಾನೇ ತೆಗೆದುಕೊಂಡು ಓದಿದೆ. ನೌಕೆ ಹಸಿರು ಗ್ರಹ ಮುಟ್ಟಿತು. ಹಿಂದಿರುಗಿ ನೋಡಿದವರಿಗೆ ದೂರದಲ್ಲಿ ಒಂದು ದೀಪ ಕಂಡಿತು. ಕಥೆ ಮುಗಿಯಿತು.

ಹೇಗಿತ್ತು ಎಂದು ಕೇಳಿದರೆ ಏನು ಹೇಳಲಿ? ಅತ್ತೆಯ ಅಭಿಪ್ರಾಯ ಮಾತ್ರ ಸ್ಪಷ್ಟವಾಗಿತ್ತು. ಗೋಳಿಬಜೆಯ ತಟ್ಟೆಯನ್ನು ನೆಲಕ್ಕೆ ಕುಕ್ಕಿದರು.

"ಒಬ್ಬರೇ ಅಲ್ಲಿ ಉಳಿದುಬಿಟ್ರಾ? ಯಾರನ್ನು ಕೇಳಿ ಉಳಿದ್ರಿ? ಮನೆಯಲ್ಲಿ ಹೆಂಡತಿ ಇದ್ದಾಳೆ ಅಂತ ನೆನಪಾಗಲಿಲ್ವಾ?"

"ಅದು ಆಟ ಅಲ್ವಾ..."

"ಆಟ! ಆಟದಲ್ಲಿಯೂ ನೆನಪಾಗಲಿಲ್ಲ ಅಂತ ಆಯಿತು!"

ಕಳ್ಳರ ನಾಯಕನನ್ನು ಮಾತಿನಲ್ಲಿ ಸೋಲಿಸಿದ ಅರ್ಥಧಾರಿಗಳು ಗೋಳಿಬಜೆಯನ್ನು ಬಾಯಿಗಿಟ್ಟುಕೊಂಡರು. ಅತ್ತೆ ಅವರೊಡನೆ ಮಾತು ಬಿಟ್ಟರು. ನಾನು ಸಂಜೆ ಉಡುಪಿಯಲ್ಲಿ ಬಸ್ಸು ಬದಲಿಸಿ ಕಟಪಾಡಿ ದಾಟಿ ಕಾಪುವಿಗೆ ಬರುವಾಗ ದೀಪಸ್ತಂಭದ ಬೆಳಕು ಸಮುದ್ರದ ಮೇಲೆ ಒಂದು ಸುತ್ತು ಹೋಗಿ ಬಂತು. ದಿನಾ ನೋಡುವ ಬೆಳಕೇ. ಆ ದಿನ ಮಾತ್ರ ಅದರ ಕೆಳಗೆ ಬೈರಾಸು ಹೊದ್ದ ಒಬ್ಬರು ನಿಂತ ಹಾಗೆ ಕಂಡಿತು.

ಪರೀಕ್ಷೆ ಮುಗಿಯಿತು. ಹುಡುಗರು ಹೊರಟ ದಿನ ಮಾವ ಮೊಣಕಾಲು ಮರೆತು ಅವರ ಪೆಟ್ಟಿಗೆಗಳನ್ನು ತಾವೇ ಬಸ್ಸಿನ ಮೇಲಕ್ಕೇರಿಸಿದರು. ಲಿಮ್ ಆಟದ ಎರಡೂ ಪೆಟ್ಟಿಗೆಗಳನ್ನು ಅವರ ಕೈಗಿಟ್ಟು ಕಾಲು ಮುಟ್ಟಿದ. ಆ ಬಸ್ಸಿನ ಎಳೆಯ ಕಂಡಕ್ಟರ್ ವಿಸಿಲ್ ಹಾಕಿದ. ಮಾವ ತಮ್ಮದನ್ನು ಕಿಸೆಯಿಂದ ಹೊರಗೆ ತೆಗೆಯಲೇ ಇಲ್ಲ. ತಿರುವಿನಲ್ಲಿ ಬಸ್ಸು ಮರೆಯಾದ ಮೇಲೂ ಕೈ ಎತ್ತಿಯೇ ನಿಂತಿದ್ದರು.

ಮುಂದಿನ ಭಾನುವಾರ ನಾನು ಹೋದಾಗ ಮಾವ ಜಗಲಿಯ ಚಾಪೆಯ ಮೇಲೆ ಒಬ್ಬರೇ ಕುಳಿತಿದ್ದರು. ಎದುರಿಗೆ ಪೆಟ್ಟಿಗೆ, ಮುಚ್ಚಳ ತೆರೆದಿರಲಿಲ್ಲ. ದೃಷ್ಟಿ ದೂರದ ಬೆಳ್ಳಿಗೆರೆಯ ಮೇಲಿತ್ತು. ಮಾತಾಡಿಸಿದರೆ ಹ್ಞೂಂಗುಟ್ಟಿದರು. ಒಳಗೆ ಪಾತ್ರೆಗಳ ಸದ್ದು ನಿಂತಿತು. ಅತ್ತೆ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಬಂದು ಬಾಗಿಲಲ್ಲಿ ನಿಂತರು. ಕಥೆ ಮುಗಿದ ಮೇಲೆ ಗಂಡನಿಗೆ ಊಟಕ್ಕೆ ಬನ್ನಿ ಎಂಬುದರ ಹೊರತು ಬೇರೆ ಮಾತು ಆಡಿರಲಿಲ್ಲ ಅವರು. ಈಗ, ದಾರಿ ಬದಿಯಲ್ಲಿ ಬಸ್ಸಿಗೆ ಕೈ ಅಡ್ಡ ಹಿಡಿಯುವವರಂತೆ, ಕೈಯನ್ನು ಒಂದಿಷ್ಟು ಮುಂದಕ್ಕೆ ಚಾಚಿದರು.

"ನಿಮ್ಮ ಆ ದೀಪದ ಹತ್ತಿರ ಇನ್ನೊಬ್ಬರಿಗೆ ಜಾಗ ಉಂಟಾ?"

ಮಾವ ತಿರುಗಿ ನೋಡಿದರು. ಆಮೇಲೆ ನೋವಿನ ಮೊಣಕಾಲನ್ನು ಎರಡೂ ಕೈಯಲ್ಲಿ ಹಿಡಿದು, ಚಾಪೆಯ ಮೇಲೆ ಸರಿದು ಕುಳಿತರು.

"ಬಾ ಮಾರಾಯ್ತಿ, ಜಾಗ ಉಂಟು" ಎಂದರು.