ಫೆಬ್ರವರಿಯ ಯಜಮಾನ

ಪುತ್ತೂರಿನ ಜವಳಿ ಅಂಗಡಿಯ ಯಂತ್ರ ಮಹಾಗಣಪತಿ ಮಾಸ್ತರರ ಕಾರ್ಡನ್ನು ಮೂರನೆಯ ಸಲವೂ ಒಲ್ಲೆನೆಂದಾಗ, ಅತ್ತೆ ಸುಬ್ಬಲಕ್ಷ್ಮಿಯಮ್ಮ ಹೊಸ ಸೀರೆಯ ಚೀಲವನ್ನು ಆಗಲೇ ಕಂಕುಳಲ್ಲಿ ಭದ್ರಪಡಿಸಿಕೊಂಡಿದ್ದರು.

"ಸರ್, ಬೇರೆ ಕಾರ್ಡ್ ಎಂತಾದ್ರೂ ಉಂಟಾ?" ಎಂದು ಕೌಂಟರಿನಲ್ಲಿದ್ದ ಲತೀಶ್ ಮೆಲ್ಲಗೆ ಕೇಳಿದ. ಮೆಲ್ಲಗೆ ಕೇಳಿದ್ದೇ ತಪ್ಪಾಯಿತು. ಅಂಗಡಿಯಲ್ಲಿದ್ದವರೆಲ್ಲ ಕಿವಿ ನಿಮಿರಿಸಿದರು. ಮೇಲಾಗಿ ಲತೀಶ್ ಮಾಸ್ತರರ ಹಳೆಯ ಶಿಷ್ಯ. ಹತ್ತನೆಯ ತರಗತಿಯಲ್ಲಿ ಅವನನ್ನು ಬೆಂಚಿನ ಮೇಲೆ ನಿಲ್ಲಿಸಿ, "ಸಮಾಸ ಗೊತ್ತಿಲ್ಲದವ ಬದುಕಿನಲ್ಲಿ ಎಂತ ಮಾಡ್ತಿ?" ಎಂದು ಕೇಳಿದವರು ಇವರೇ. (ಎಂತ ಮಾಡಿದ ಎಂಬುದು ಈಗ ಎದುರಿಗೇ ಇತ್ತು. ಆ ಅಂಗಡಿಯಲ್ಲಿ ಅವನದು ಅರ್ಧ ಪಾಲು.)

"ನಿನ್ನ ಯಂತ್ರಕ್ಕೆ ಎಂತದೋ ಆಗಿದೆ ಮಾರಾಯ. ನಿನ್ನೆಯಷ್ಟೇ ನನಗೆ ಸಂಬಳ ಬಿದ್ದಿದೆ."

"ಬಿದ್ದ ಪೆಟ್ಟಿಗೆ ಪ್ರಜ್ಞೆ ತಪ್ಪಿತಾ ಹೇಗೆ?" ಎಂದರು ಅತ್ತೆ.

ಹೆಂಡತಿ ಶ್ರೀರಂಜಿನಿ ತನ್ನ ಪರ್ಸಿನಿಂದ ಕಾರ್ಡು ತೆಗೆದು ಕೊಟ್ಟಳು. ಯಂತ್ರ ಎಷ್ಟೋ ದಿನದಿಂದ ಇದಕ್ಕೇ ಕಾಯುತ್ತಿದ್ದಂತೆ ಕಿರ್ರನೆ ಚೀಟಿ ಹೆತ್ತಿತು.

ಮಾಸ್ತರರ ಕಣ್ಣು ಕತ್ತಲೆಗಟ್ಟಿದ್ದು ಹಣಕ್ಕಾಗಿ ಅಲ್ಲ. ತಮ್ಮ ಫೆಬ್ರವರಿ ಎಲ್ಲಿ ಹೋಯಿತು ಎಂದು.

ಈ ಫೆಬ್ರವರಿಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಗಂಡ ಹೆಂಡತಿ ಇಬ್ಬರೂ ಹೈಸ್ಕೂಲು ಮಾಸ್ತರಿಕೆಯವರು. ಒಂದೇ ಕಾಲೇಜಿನಲ್ಲಿ ಬಿ.ಎಡ್. ಮಾಡಿ, ಒಂದೇ ವರ್ಷ ಕೆಲಸಕ್ಕೆ ಸೇರಿದವರು. ಮನೆ ಗಡಿಯಾಚೆ, ಕೇರಳದ ಪೆರ್ಲದಲ್ಲಿ. ಬೆಳಿಗ್ಗೆ ಗೇಟಿನವರೆಗೆ ಒಟ್ಟಿಗೇ ಬರುತ್ತಾರೆ. ಅಲ್ಲಿಂದ ಗಣಿತದ ಟೀಚರು ಶ್ರೀರಂಜಿನಿ ಎಡಕ್ಕೆ ತಿರುಗಿ ಕೇರಳ ಸರಕಾರದ ಶಾಲೆಗೆ ನಡೆದರೆ, ಕನ್ನಡ ಪಂಡಿತರಾದ ಮಾಸ್ತರರು ಬಲಕ್ಕೆ ತಿರುಗಿ, ಪುತ್ತೂರು ಬಸ್ಸು ಹತ್ತಿ, ಗಡಿ ದಾಟಿ ಕರ್ನಾಟಕ ಸರಕಾರದ ಶಾಲೆಗೆ ಹೋಗುತ್ತಾರೆ. ಅದೇ ಚಾಕ್‌ಪೀಸು, ಅದೇ ಗದ್ದಲ, ಅದೇ ಗಂಟಲು ನೋವು. ಆದರೆ ಎಡಕ್ಕೆ ತಿರುಗಿದವಳ ಸಂಬಳ, ಬಲಕ್ಕೆ ತಿರುಗಿದವರ ಸಂಬಳಕ್ಕಿಂತ ಯಾವಾಗಲೂ ಒಂದು ಮೆಟ್ಟಿಲು ಮೇಲೆ. ಅಲ್ಲಿ ವೇತನ ಪರಿಷ್ಕರಣೆ ಎಂಬುದು ದೈವದ ನೇಮೋತ್ಸವದಂತೆ ನಿಷ್ಠೆಯಿಂದ ಬರುತ್ತಿತ್ತು. ಇಲ್ಲಿ ಬರುತ್ತದೆ, ಬರುತ್ತದೆ ಎಂಬ ಸುದ್ದಿ ಮಾತ್ರ ನಿಷ್ಠೆಯಿಂದ ಬರುತ್ತಿತ್ತು.

ಹೆಚ್ಚು ಸಂಬಳಕ್ಕೆ ಹೆಚ್ಚು ತೆರಿಗೆ. ಶ್ರೀರಂಜಿನಿಯ ಇಡೀ ವರ್ಷದ ಆದಾಯ ತೆರಿಗೆಯನ್ನು ಫೆಬ್ರವರಿಯ ಸಂಬಳದಿಂದ ಒಂದೇ ಗುಟುಕಿಗೆ ಹಿಡಿಯುತ್ತಿದ್ದರು. ಆ ತಿಂಗಳು ಅವಳಿಗೆ ಸಿಗುತ್ತಿದ್ದದ್ದು ಬಸ್ಸಿನ ಚಿಲ್ಲರೆ ಎಂದರೂ ನಡೆದೀತು. ಮಾಸ್ತರರಿಗೆ ತೆರಿಗೆ ಕಟ್ಟುವಷ್ಟು ಸಂಬಳವೇ ಇರಲಿಲ್ಲವಾದ್ದರಿಂದ ಅವರದು ಇಡಿಯಾಗಿ ಬರುತ್ತಿತ್ತು. ವರ್ಷಕ್ಕೊಮ್ಮೆ, ಒಂದೇ ಒಂದು ತಿಂಗಳು, ಪೆರ್ಲದ ಆ ಮನೆಯಲ್ಲಿ ಅತ್ಯಧಿಕ ವರಮಾನದ ವ್ಯಕ್ತಿ ಮಹಾಗಣಪತಿ ಮಾಸ್ತರರು! (ಫೆಬ್ರವರಿಯ ಸಂಬಳ ಕೈಗೆ ಬರುವಾಗ ಮಾರ್ಚ್ ಆಗುವುದರಿಂದ, ಅವರ ಫೆಬ್ರವರಿಗೆ ಮೂವತ್ತೊಂದು ದಿನ.)

ಆ ಮೂವತ್ತೊಂದು ದಿನದ ವೈಭವ ನೋಡಬೇಕು. ಜಗಲಿಯ ಕೈಕುರ್ಚಿ ಅವರಿಗೆ ಮೀಸಲು. ಅಡುಗೆಮನೆಯ ಹೊಸ್ತಿಲಲ್ಲಿ ನಿಂತು, "ಈ ತಿಂಗಳು ಸ್ವಲ್ಪ ಕೈ ಬಿಗಿ ಹಿಡಿ ರಂಜಿನಿ, ಒಬ್ಬನ ದುಡಿಮೆ" ಎನ್ನುವರು. ಆಮೇಲೆ ಪೇಟೆಗೆ ಹೋಗಿ ಮಡಚುವ ಏಣಿ ತರುವರು. ಇನ್ನೊಂದು ವರ್ಷ ಚಪಾತಿ ಮಾಡುವ ಯಂತ್ರ. (ಅದು ಇವತ್ತಿನವರೆಗೆ ಚಪಾತಿಯ ಮುಖ ಕಂಡಿಲ್ಲ.) ಹೆಂಡತಿಯ ಕೈಗೆ ನೂರರ ಎರಡು ನೋಟಿಟ್ಟು, "ಬೇಕಾದ್ರೆ ಕೇಳು, ಸಂಕೋಚ ಬೇಡ. ತೆರಿಗೆ ಹೋಯಿತೆಂದು ಬೇಜಾರು ಮಾಡ್ಬೇಡ, ಅದು ರಾಷ್ಟ್ರನಿರ್ಮಾಣ" ಎಂದು ಸಾಂತ್ವನ ಹೇಳುವರು. ಅವಳು "ಆಯ್ತು" ಎಂದು ನೋಟುಗಳನ್ನು ಕಣ್ಣಿಗೊತ್ತಿಕೊಳ್ಳುವಳು.

ಈ ಸಲವೂ ಹಾಗೆಯೇ, ಕಾರಡ್ಕದ ಮಾವನ ಮನೆಯಿಂದ ಬಂದಿದ್ದ ಅತ್ತೆಯ ಎದುರು ಬೆಳಿಗ್ಗೆಯೇ ಘೋಷಣೆ ಹೊರಟಿತ್ತು: "ಇವತ್ತು ಎಲ್ಲರಿಗೂ ಸೀರೆ. ಬೆಲೆ ನೋಡುವುದು ಬೇಡ. ಇದು ನನ್ನ ತಿಂಗಳು!" ಅತ್ತೆ ಬೆಲೆ ನೋಡಿರಲಿಲ್ಲ. ಆಜ್ಞಾಧಾರಕ ಹೆಂಗಸು.

ಪೆರ್ಲದ ಬಸ್ಸಿನಲ್ಲಿ ಕೂತ ಮೇಲೆ ಮಾಸ್ತರರು ಮೊಬೈಲಿನಲ್ಲಿ ಬ್ಯಾಂಕಿನ ಸಂದೇಶ ತೆರೆದರು. ಸಂಬಳ ಬಿದ್ದದ್ದು ನಿಜ. ಆದರೆ ಕೊನೆಯಲ್ಲಿ ಒಂದು ಸೊನ್ನೆ ಬಿಟ್ಟುಹೋಗಿದೆ ಎನಿಸುವಷ್ಟು. ಶಾಲೆಯ ಕ್ಲಾರ್ಕ್ ಪಂಕಜಾಕ್ಷಿಗೆ ಫೋನು ಹಚ್ಚಿದರು.

"ಸರ್, ಅದು ಇನ್‌ಕಂ ಟ್ಯಾಕ್ಸ್. ಹೊಸ ಸಂಬಳ ಜಾರಿಯಾದ ಮೇಲೆ ನೀವು ಈಗ ಶೇಕಡಾ ಇಪ್ಪತ್ತರ ತೆರಿಗೆಯವರು. ಉಳಿತಾಯದ ರಶೀದಿ ಕೊಡಿ ಅಂತ ಎಷ್ಟು ಸಲ ಕೇಳಿದೆ! 'ಬಡ ಮಾಸ್ತರನಿಗೆಂತ ತೆರಿಗೆ' ಅಂತ ನೆಗಾಡಿದ್ರಿ. ಹಾಗೆ ಪೂರ್ತಿ ಹಿಡಿದದ್ದು."

ಇಪ್ಪತ್ತು ವರ್ಷದಿಂದ ಮಾಸ್ತರರು ಗುಟ್ಟಾಗಿ ಆಸೆಪಟ್ಟಿದ್ದ ಪದವಿ ಅದು. ಬಂದದ್ದು ಇಂಥ ದಿನ.

"ಹೋದದ್ದು ಎಲ್ಲಿಗೆ?" ಎಂದು ಅತ್ತೆ ಹಿಂದಿನ ಸೀಟಿನಿಂದ ಕೇಳಿದರು.

"ತೆರಿಗೆಗೆ."

"ಹಾಗಾದ್ರೆ ಬೇಜಾರೆಂತಕ್ಕೆ? ರಾಷ್ಟ್ರ ಕಟ್ಟುದಲ್ವಾ?"

ಮಾಸ್ತರರು ಹೆಂಡತಿಯತ್ತ ತಿರುಗಿದರು. "ಅದಿರಲಿ, ನಿನ್ನದು ಹೇಗೆ ಪೂರ್ತಿ ಬಂತು ಮಾರಾಯ್ತಿ?"

"ಕಳೆದ ಏಪ್ರಿಲಿನಲ್ಲಿ ನಿಮಗೆ ಹೊಸ ಸಂಬಳ ಬಂತಲ್ಲ, ಅವತ್ತೇ ಲೆಕ್ಕ ಹಾಕಿದೆ. ಈ ಸಲ ನಿಮ್ಮದೂ ಹಿಡೀತಾರೆ. ಇಬ್ಬರದೂ ಒಟ್ಟಿಗೆ ಹೋದ್ರೆ ಒಲೆ ಮೇಲೆ ಎಂತ ಇಡುದು? ಹಾಗೆ ನನ್ನದನ್ನು ತಿಂಗಳು ತಿಂಗಳು ಸ್ವಲ್ಪ ಸ್ವಲ್ಪ ಹಿಡೀಲಿಕ್ಕೆ ಬರೆದು ಕೊಟ್ಟೆ."

"ನನಗೊಂದು ಮಾತು ಹೇಳಬಾರದಾ?"

"ಹೇಳಿದ್ದೆ. ನೀವು ಪೇಪರ್ ಓದ್ತಿದ್ರಿ."

ಬಸ್ಸು ಗಡಿ ದಾಟಿತು. ಮಾಸ್ತರರು ಕಿಟಕಿಯ ಹೊರಗೆ ನೋಡುತ್ತ ಕೂತರು. ಎರಡು ಸರಕಾರಗಳ ಅನ್ನ ಒಂದೇ ಪಾತ್ರೆಯಲ್ಲಿ ಬೇಯುವ ಮನೆ ತಮ್ಮದು. ಆ ಪಾತ್ರೆ ಇಷ್ಟು ವರ್ಷ ಒಮ್ಮೆಯೂ ತಳ ಹಿಡಿಯದ್ದು ಯಾರ ದಯೆಯಿಂದ ಎಂದು ಅವರಿಗೆ ಗೊತ್ತಿತ್ತು. ಯಾರೂ ಹತ್ತದ ಆ ಏಣಿಯನ್ನು ಪ್ರತಿ ವಾರ ಧೂಳು ಒರೆಸಿ ಇಡುತ್ತಿದ್ದವಳೂ ಇವಳೇ. ಥ್ಯಾಂಕ್ಸ್ ಹೇಳೋಣವೆಂದರೆ, ಕನ್ನಡ ಪಂಡಿತರ ಬಾಯಿಗೆ ಆ ಪದ ಒಗ್ಗದು. 'ಕೃತಜ್ಞತೆ' ಎಂದರೆ ಸನ್ಮಾನ ಸಮಾರಂಭದಂತಾಗುತ್ತದೆ. ಅಷ್ಟರಲ್ಲಿ ಕಂಡಕ್ಟರ್ ಬಂದ. ಮಾಸ್ತರರ ಕೈ ಅಭ್ಯಾಸಬಲದಿಂದ ಜೇಬಿಗೆ ಹೋಗಿ, ಬರಿದೇ ಹೊರಬಂತು. ಶ್ರೀರಂಜಿನಿ ಅವರ ಅಂಗೈಗೆ ನೂರರ ಎರಡು ನೋಟು ಇಟ್ಟಳು. ಮಾಸ್ತರರು ತಿಳಿಯದೆಯೇ ಅದನ್ನು ಕಣ್ಣಿಗೊತ್ತಿಕೊಂಡರು.

ಟಿಕೆಟು ಹರಿಸಿಯಾದ ಮೇಲೆ ಅವರಿಗೆ ಥಟ್ಟನೆ ಹೊಳೆಯಿತು.

"ಅಲ್ಲ ರಂಜಿನಿ, ಹಾಗೆ ಬರೆದು ಕೊಟ್ರೆ ತಿಂಗಳು ತಿಂಗಳು ಹಿಡೀತಾರೆ ಅಂತ ನಿನಗೆ ಮೊದಲೇ ಗೊತ್ತಿತ್ತಲ್ವಾ?"

"ಗೊತ್ತಿತ್ತು."

"ಮತ್ತೆ ಇಷ್ಟು ವರ್ಷ ಯಾಕೆ ಕೊಡಲಿಲ್ಲ?"

ಶ್ರೀರಂಜಿನಿ ಚಿಲ್ಲರೆಯನ್ನು ಪರ್ಸಿಗೆ ಹಾಕಿ ಜಿಪ್ಪು ಎಳೆದಳು.

"ಕೊಟ್ಟಿದ್ರೆ ನಿಮಗೆ ಫೆಬ್ರವರಿ ಇರ್ತಿರ್ಲಿಲ್ಲ."