ಶನಿಯನ್ನು ಚೆಂದ ಮಾಡಿದ ನೌಕೆಗೆ

ಮಾನ್ಯರೇ,

ಶನಿಗ್ರಹವನ್ನು ವರ್ಷಗಟ್ಟಲೆ ಸುತ್ತಿ, ಅದರ ಬಳೆಗಳ ಚಿತ್ರ ತೆಗೆದು ಭೂಮಿಗೆ ಕಳುಹಿಸಿದ ಬಾಹ್ಯಾಕಾಶ ನೌಕೆಯಾದ ತಮಗೆ ಕೋಟೇಶ್ವರದಿಂದ ಸವಿನಯ ನಮಸ್ಕಾರಗಳು. ತಾವಿರುವಲ್ಲಿ ವಿಪರೀತ ಚಳಿಯೆಂದು ಕೇಳಿದ್ದೇನೆ. ಕ್ಷೇಮವಾಗಿದ್ದೀರೆಂದು ನಂಬಿ ಒಂದು ಸಣ್ಣ ದೂರನ್ನು ಪಾದಕ್ಕೆ ಒಪ್ಪಿಸುತ್ತಿದ್ದೇನೆ.

ನಮ್ಮ ಕಡೆ ಹರಕೆ ಹೊತ್ತವರ ಮನೆಯಲ್ಲಿ ಶನಿವಾರ ಸಂಜೆ ಶನಿಪೂಜೆ ನಡೆಯುತ್ತದೆ. ಭಾಗವತರು ಶನಿಕಥೆಯ ಪದ್ಯ ಹಾಡುತ್ತಾರೆ, ಎದುರುಬದುರು ಕುಳಿತ ನಾವು ಪಾತ್ರಗಳಾಗಿ ಅರ್ಥ ಹೇಳುತ್ತೇವೆ. ನನ್ನ ಹೆಸರೇ ಭೋಜರಾಜನಾದ್ದರಿಂದ ರಾಜನ ಪಾತ್ರ ನನ್ನದು. ನನ್ನನ್ನು ಕಾಡುವ ಶನಿ, ಕೃಷ್ಣಯ್ಯ. ಬ್ರಹ್ಮಾವರದಲ್ಲಿ ತೆಂಗಿನಕಾಯಿ ವ್ಯಾಪಾರ ಮಾಡುವ ಈ ಮನುಷ್ಯ, ಗಿರಾಕಿ ದನಿ ಏರಿಸಿದರೆ ಅಂಗಡಿಯ ಹಿಂಬಾಗಿಲಿನಿಂದ ಹೊರಟುಬಿಡುತ್ತಾರೆ. ಶನಿವಾರ ಸಂಜೆ ಮಾತ್ರ ಅವರು ಗಂಟಲು ಸರಿಮಾಡಿಕೊಂಡರೆ ಸಾಕು, ಹೆಂಗಸರು ಮಕ್ಕಳನ್ನು ಸೆರಗಿನೊಳಗೆ ಎಳೆದುಕೊಳ್ಳುತ್ತಿದ್ದರು. ಜಗತ್ತು ಅವರಿಗೆ ಹೆದರುತ್ತಿದ್ದುದು ಆ ಒಂದು ಸಂಜೆ ಮಾತ್ರ.

ಅದನ್ನು ತಾವು ಕಿತ್ತುಕೊಂಡಿರಿ. ಕಳೆದ ಪೂಜೆಗೆ ಹಿಂದೆ ಕಟ್ಟುವ ಫ್ಲೆಕ್ಸ್ ಮಾಡಿಸಲು ಹೋದ ನಮ್ಮ ತಂಡದ ಹುಡುಗ ಅಜಿತ್, ಕಾಗೆಯ ಮೇಲೆ ಕುಳಿತ ದೇವರ ಬದಲು, ಶನಿಯದ್ದೇ ನಿಜವಾದ ಫೋಟೋ ಇರುವಾಗ ಚಿತ್ರವೇಕೆಂದು ತಾವು ತೆಗೆದುದನ್ನೇ ದೊಡ್ಡದಾಗಿ ಮುದ್ರಿಸಿ ತಂದ. ಯಾವ ಪೂಜೆಯನ್ನೂ ತಪ್ಪಿಸದ ಪ್ರಭಾವತಿಯಮ್ಮ ಕೈಮುಗಿದು, ಬಗ್ಗಿ ನೋಡಿ, "ಹ್ವಾಯ್, ಕಾಗಿ ಎಲ್ಲಿತ್?" ಎಂದು ಕೇಳಿದರು. ಸೂರ್ಯನನ್ನು ಬೆನ್ನಿಗಿಟ್ಟುಕೊಂಡ ಆ ಕಪ್ಪು ಗೋಳ, ಸುತ್ತ ಹೊಳೆಯುವ ಬಳೆಗಳು. ಕೃಷ್ಣಯ್ಯ ಗುಡುಗುತ್ತಿದ್ದರೆ ಸಭೆ ಅವರ ತಲೆಯ ಮೇಲಿಂದ ಹಿಂದಕ್ಕೇ ನೋಡುತ್ತಿತ್ತು. ಸೆರಗಿನಿಂದ ಹೊರಬಂದ ಒಂದು ಮಗು "ಎಷ್ಟ್ ಚೆಂದ ಇತ್ತಲ್ದಾ" ಎಂದಿತು.

ಅಷ್ಟಕ್ಕೇ ಮುಗಿಯಲಿಲ್ಲ. ಕೃಷ್ಣಯ್ಯನವರ ಅಣ್ಣನ ಮಗಳು ರಮಿತಾ ವಿಜ್ಞಾನದ ಶಿಕ್ಷಕಿ. ಪ್ರಸಾದದ ಹೊತ್ತಿಗೆ ಬಳೆಗಳ ಕೆಳಗಿನ ಒಂದು ಚುಕ್ಕಿಯ ಮೇಲೆ ಬೆರಳಿಟ್ಟು ಅದೇ ಭೂಮಿ ಎಂದು ತೋರಿಸಿದಳು. ಕೃಷ್ಣಯ್ಯ ಕನ್ನಡಕ ಒರೆಸಿ ಬಹಳ ಹೊತ್ತು ನೋಡಿದರು.

"ಹೆಣೆ, ಇಷ್ಟ್ ಸಣ್ಣದ್ರೊಳ್ಗೆ ಭೋಜರಾಜನ್ನ ಹುಡ್ಕಿ ಕಾಡುಕೆ ಅವ್ನಿಗೆ ಬೇರೆ ಕೆಲ್ಸ ಇಲ್ಯಾ?"

ಅಂದಿನಿಂದ ಅವರು ಅರ್ಥ ಹೇಳುವುದಿಲ್ಲವೆಂದು ಕುಳಿತಿದ್ದಾರೆ. ಮುಂದಿನ ಶನಿವಾರ ಗುಣವತಿಯವರ ಮನೆಯಲ್ಲಿ ಹರಕೆಯ ಪೂಜೆ, ಅವರಿಗೆ ಈ ವಿಷಯ ತಿಳಿದು, "ಹೆದ್ರಿಕಿಯೇ ಇಲ್ದಿರೆ ಪೂಜಿ ಎಂತಕ್ಕೆ?" ಎಂದು ಹೇಳಿ ಕಳುಹಿಸಿದ್ದಾರೆ. ಪೀಡಿಸುವವರಿಲ್ಲದ ರಾಜನ ಪಾಡು ಎಂಥದೆಂದು ತಾವು ಊಹಿಸಬಲ್ಲಿರಿ. ನಾನು ಸುಖವಾಗಿ ರಾಜ್ಯವಾಳುವುದನ್ನು ಕೇಳಲು ಯಾರೂ ಬರುವುದಿಲ್ಲ.

ತಮ್ಮ ಕೌಶಲ ಅಪಾರವೆಂಬುದನ್ನು ನಾನು ಅಲ್ಲಗಳೆಯುತ್ತಿಲ್ಲ. ತಾವು ಕಳುಹಿಸುವುದು ಕಪ್ಪುಬಿಳುಪು, ಬಣ್ಣ ಕೂಡಿಸುವುದು ಇಲ್ಲಿಯವರು ಎಂದು ರಮಿತಾ ಹೇಳಿದಳು. ಬೇರೆ ಭಾಷೆಗಳ ಕಾದಂಬರಿಗಳನ್ನು ಅನುವಾದದಲ್ಲೇ ಓದಿ ಬಂದ ನನಗೆ ನಡುವಿನವರ ಕೈಗುಣ ಹೊಸದಲ್ಲ. ಆದರೂ ಖಳನನ್ನು ಇಷ್ಟು ಸುಂದರವಾಗಿಸಿದ ಅನುವಾದವನ್ನು ನಾನು ಓದಿಲ್ಲ.

ಆದ್ದರಿಂದ ದಯವಿಟ್ಟು ಶನಿವಾರದೊಳಗೆ ಒಂದೇ ಒಂದು ಕೆಟ್ಟ ಚಿತ್ರ ಕಳುಹಿಸಿಕೊಡಿ. ಬಳೆಗಳನ್ನು ತುಸು ಹೊತ್ತು ತೆಗೆದಿರಿಸುವಂತೆ ಶನಿಯವರನ್ನು ಕೇಳಿಕೊಳ್ಳಬಹುದು. ಅವರು ಹುಬ್ಬು ಗಂಟಿಕ್ಕಿದರೆ ಉತ್ತಮ. ಕಾಗೆ ಅಲ್ಲಿಯವರೆಗೆ ಹಾರಲಾರದು. ತಮ್ಮ ನೆರಳು ಒಂದು ಮೂಲೆಯಲ್ಲಿ ಬಿದ್ದರೂ ಸಾಕು, ಅದು ಕಾಗೆಯೆಂದು ಪ್ರಭಾವತಿಯಮ್ಮನನ್ನು ಒಪ್ಪಿಸುವ ಹೊಣೆ ನನ್ನದು. ಹಾಗೆಯೇ ಭೂಮಿಯನ್ನು ಸ್ವಲ್ಪ ದೊಡ್ಡದಾಗಿ, ಸಾಧ್ಯವಾದರೆ ಕೋಟೇಶ್ವರ ಕಾಣುವಂತೆ ತೆಗೆಯಬೇಕಾಗಿ ಕೋರಿಕೆ.

ಕಷ್ಟಗಳನ್ನು ಕಾದು ಕುಳಿತಿರುವ,
ತಮ್ಮ ವಿಶ್ವಾಸಿ,
ಭೋಜರಾಜ

ಮರೆತ ಮಾತು: ತಮ್ಮ ವಿಳಾಸ ಕೇಳಿದಾಗ ರಮಿತಾ ನಕ್ಕಳು. ಇಂಧನ ಮುಗಿಯುತ್ತ ಬಂದದ್ದರಿಂದ ತಾವು ಎಂದೋ ಶನಿಯೊಳಗೇ ಬಿದ್ದು ಉರಿದುಹೋದಿರಂತೆ. ನನ್ನ ಸಂತಾಪಗಳು. ಇದನ್ನು ಕೃಷ್ಣಯ್ಯನವರಿಗೆ ತಿಳಿಸಿದೆ. ಅವರು ಕಾಯಿ ಎಣಿಸುವುದನ್ನು ನಿಲ್ಲಿಸಿ, "ಎಣ್ಣಿ ಮುಗ್ದದ್ ಬರೀ ನೆಪ ಮಾರಾಯ. ಹತ್ರ ಹೋಯ್ ಪಟ ತೆಗ್ದವ್ನನ್ನ ಅವ ಬಿಟ್ನಾ?" ಎಂದರು. ಆ ದನಿಗೆ ಎದುರಿದ್ದ ಗಿರಾಕಿ ಒಂದು ಹೆಜ್ಜೆ ಹಿಂದೆ ಸರಿದ. ಶನಿವಾರ ಅವರು ಬರುತ್ತಿದ್ದಾರೆ. ಚಿತ್ರ ಕಳುಹಿಸುವ ತೊಂದರೆ ತೆಗೆದುಕೊಳ್ಳಬೇಡಿ.